‘ಒಂಚೂರು ಜಾಸ್ತಿ’ ಅಂದರೆ ಎಷ್ಟು? ಕಾರಿನ ಎಂಜಿನ್ ಮತ್ತು ಫಜಿ ಲಾಜಿಕ್

ನನ್ನ ಹಳೆಯ ಕಾರಿಗೆ ಒಂದು ಕೆಟ್ಟ ಚಾಳಿ ಇತ್ತು. ಸಿಗ್ನಲ್‌ನಲ್ಲಿ ನಿಂತಾಗ ಎಸಿ ಹಾಕಿದರೆ ಸಾಕು, ಎಂಜಿನ್ ಒಮ್ಮೆ ಗಡಗಡ ನಡುಗಿ ಆಫ್ ಆಗಿಬಿಡುತ್ತಿತ್ತು. ಹಿಂದಿನ ಆಟೋದವನು ಹಾರ್ನ್ ಹೊಡೆಯುವಷ್ಟರಲ್ಲಿ ಮತ್ತೆ ಕೀ ತಿರುಗಿಸಬೇಕು. ಕಾರ್ಬ್ಯುರೇಟರ್ ಕಾಲದ ಗಾಡಿ ಅದು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ ಎತ್ತಿಸಿ, ಎಂಜಿನ್ ಸ್ಟಾರ್ಟ್ ಮಾಡಿಸಿ, ಸ್ವಲ್ಪ ಹೊತ್ತು ಸುಮ್ನೆ ಕಿವಿಗೊಟ್ಟು ನಿಂತ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ತೆಗೆದು ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ.

“ಸ್ಲೋ ಸ್ಪೀಡ್ ಒಂಚೂರು ಜಾಸ್ತಿ ಇಟ್ಟಿದೀನಿ ಸಾರ್. ಇನ್ನು ಆಫ್ ಆಗಲ್ಲ. ಪೆಟ್ರೋಲ್ ಸ್ವಲ್ಪ ಕುಡಿಯುತ್ತೆ, ಅಷ್ಟೇ.”

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರ್ ನೋಡಲಿಲ್ಲ. ಆ ಗಾಡಿಯಲ್ಲಿ ಅದು ಇರಲೂ ಇಲ್ಲ. ‘ಒಂಚೂರು ಜಾಸ್ತಿ’ ಅನ್ನುವುದು ಅವನ ಕಿವಿಗೆ, ಕೈಗೆ ಚೆನ್ನಾಗಿ ಗೊತ್ತಿತ್ತು. ಅದೇ ಮಾತನ್ನು ಕಂಪ್ಯೂಟರಿಗೆ ಹೇಳಿದರೆ ಅದು ‘ಎಷ್ಟು?’ ಅಂತ ಕೇಳುತ್ತದೆ. ಈ ‘ಎಷ್ಟು’ ಅನ್ನುವ ಪ್ರಶ್ನೆಗೆ ಮಾತಿನಲ್ಲೇ ಉತ್ತರ ಕೊಡಲು ಹುಟ್ಟಿದ್ದು ಫಜಿ ಲಾಜಿಕ್.

ಹೆಸರು ಕೇಳಿದರೆ ನಮ್ಮಲ್ಲಿ ಹಲವರಿಗೆ ವಾಷಿಂಗ್ ಮೆಷಿನ್ ನೆನಪಾಗುತ್ತದೆ. ಕಾಲು ಶತಮಾನದ ಹಿಂದೆ ಅಂಗಡಿಯಲ್ಲಿ ಮುಚ್ಚಳದ ಮೇಲೆ ‘ಫಜಿ ಲಾಜಿಕ್’ ಅಂತ ಹೊಳೆಯುವ ಸ್ಟಿಕ್ಕರ್ ಇರುತ್ತಿತ್ತು. ಅಂಗಡಿಯವನಿಗೂ ಅದೇನೆಂದು ಗೊತ್ತಿರಲಿಲ್ಲ, ಕೊಳ್ಳುವವರಿಗೂ ಬೇಕಿರಲಿಲ್ಲ. ಈಗ ಅದೇ ಜಾಗದಲ್ಲಿ ‘ಎಐ’ ಸ್ಟಿಕ್ಕರ್ ಬಂದಿದೆ. ಕಾರಿನ ಜಾಹೀರಾತಿನಲ್ಲೂ ಅದೇ ಮಾತು. ಹಾಗಾದರೆ ಆ ಫಜಿ ಎಲ್ಲಿ ಹೋಯಿತು? ಕಾರಿನ ಎಂಜಿನ್ ವೇಗವನ್ನು ಹಿಡಿದಿಡಲು ಅದು ನಿಜವಾಗಿ ಕೆಲಸಕ್ಕೆ ಬರುತ್ತದಾ? ನನ್ನ ಉತ್ತರ ಇದು: ಚೆನ್ನಾಗಿಯೇ ಬರುತ್ತದೆ, ಆದರೆ ನಿಮ್ಮ ಕಾರು ಆ ಕೆಲಸವನ್ನು ಬೇರೆ ಹೆಸರಿನಲ್ಲಿ ಆಗಲೇ ಮಾಡುತ್ತಿದೆ.

ಕನ್ನಡದಲ್ಲಿ ಇದಕ್ಕೆ ‘ಅಸ್ಪಷ್ಟ ತರ್ಕ’ ಅನ್ನುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಇಲ್ಲಿ ತರ್ಕ ಅಸ್ಪಷ್ಟವಲ್ಲ. ಅಸ್ಪಷ್ಟ ಇರುವುದು ನಾವು ಆಡುವ ಮಾತು. ಉಗುರುಬೆಚ್ಚಗಿನ ನೀರು ಬಿಸಿಯೋ ತಣ್ಣಗೋ? ಎರಡೂ ಒಂದೊಂದಿಷ್ಟು. ‘ಬಿಸಿ ಇರುವ ಸಾಧ್ಯತೆ ಅರ್ಧ’ ಅಂತಲ್ಲ. ಕೈ ಇಟ್ಟು ನೋಡಿದ್ದೇವೆ, ಅನುಮಾನವೇನೂ ಇಲ್ಲ. ಅದು ಅರ್ಧ ಬಿಸಿ, ಅಷ್ಟೇ. ಬಾಕುವಿನಲ್ಲಿ ಹುಟ್ಟಿ, ಇರಾನಿನಲ್ಲಿ ಬೆಳೆದು, ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದ ಲೋತ್ಫಿ ಝಾದೆ 1965ರಲ್ಲಿ ಈ ‘ಒಂದಿಷ್ಟು’ ಅನ್ನುವುದಕ್ಕೆ ಗಣಿತದ ರೂಪ ಕೊಟ್ಟರು. ಒಂದು ವಸ್ತು ಒಂದು ಗುಂಪಿಗೆ ಸೇರಿದೆ ಅಥವಾ ಸೇರಿಲ್ಲ ಅನ್ನುವ ಬದಲು, 0ಯಿಂದ 1ರ ನಡುವೆ ಎಷ್ಟು ಸೇರಿದೆ ಅಂತ ಹೇಳಬಹುದು ಅಂದರು. ಎಲ್ಲರೂ ಒಪ್ಪಲಿಲ್ಲ. ಅದೇ ಬರ್ಕ್ಲಿಯಲ್ಲಿದ್ದ ಗಣಿತಜ್ಞ ವಿಲಿಯಂ ಕಹಾನ್ ಇದನ್ನು ವಿಜ್ಞಾನದ ಕೊಕೇನ್ ಅಂತಲೇ ಜರೆದರು.

ಜಗಳ ಹಾಗೇ ನಡೆಯುತ್ತಿರುವಾಗ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಒಬ್ಬರು ಅದನ್ನು ಕೆಲಸಕ್ಕೆ ಹಚ್ಚಿ ನೋಡಿದರು. ಟಾಂಜಾನಿಯಾದಲ್ಲಿ ಹುಟ್ಟಿ, ಇಂಡಿಯಾದಲ್ಲಿ ಓದಿ, ಇಂಗ್ಲೆಂಡಿಗೆ ಹೋದ ಇಬ್ರಾಹಿಂ ಮಮ್ದಾನಿ. 1974–75ರ ಸುಮಾರಿಗೆ ಅವರೂ ಅವರ ವಿದ್ಯಾರ್ಥಿ ಅಸ್ಸಿಲಿಯನ್ ಅವರೂ ಪ್ರಯೋಗಶಾಲೆಯ ಒಂದು ಪುಟ್ಟ ಹಬೆ ಎಂಜಿನ್ ಮುಂದೆ ಕೂತರು. ಬಾಯ್ಲರಿನ ಒತ್ತಡ ಮತ್ತು ಎಂಜಿನ್ನಿನ ವೇಗ, ಎರಡನ್ನೂ ಹೇಳಿದ ಮಟ್ಟದಲ್ಲಿ ನಿಲ್ಲಿಸಬೇಕು. ಕೈಯಲ್ಲಿರುವುದು ಎರಡೇ ಹಿಡಿಕೆ: ಬೆಂಕಿ ಮತ್ತು ಥ್ರಾಟಲ್, ಅಂದರೆ ಎಂಜಿನ್ನಿಗೆ ಹಬೆ ಎಷ್ಟು ಹೋಗಬೇಕು ಅಂತ ತೆರೆದು ಮುಚ್ಚುವ ಬಾಗಿಲು. ಎಂಜಿನ್ನಿನ ಸಮೀಕರಣ ಬರೆಯುವ ಬದಲು, ಅನುಭವಿ ಆಪರೇಟರ್ ಹೇಗೆ ಯೋಚಿಸುತ್ತಾನೋ ಹಾಗೆ ಸುಮಾರು ಎರಡು ಡಜನ್ ನಿಯಮ ಬರೆದರು. ‘ವೇಗ ಸ್ವಲ್ಪ ಕಡಿಮೆ ಇದ್ದು, ಇನ್ನೂ ಇಳಿಯುತ್ತಿದ್ದರೆ, ಥ್ರಾಟಲ್ ಸ್ವಲ್ಪ ಬಿಡು’, ಈ ಥರ. ಎಂಜಿನ್ ಮಾತು ಕೇಳಿತು.

ಅಂದರೆ ಫಜಿ ಕಂಟ್ರೋಲ್‌ನ ಮೊದಲ ಕೂಸೇ ಎಂಜಿನ್ ವೇಗದ ನಿಯಂತ್ರಣ. ವಾಷಿಂಗ್ ಮೆಷಿನ್ ಬಂದದ್ದು ಎಷ್ಟೋ ಆಮೇಲೆ. ಮಧ್ಯದಲ್ಲಿ ಡೆನ್ಮಾರ್ಕಿನ ಕಂಪನಿಯೊಂದು ಸಿಮೆಂಟ್ ಗೂಡಿಗೆ ಬಳಸಿತು. 1987ರಲ್ಲಿ ಜಪಾನಿನ ಸೆಂದೈ ಊರಿನ ಮೆಟ್ರೋ ರೈಲು ಫಜಿ ಲೆಕ್ಕದಲ್ಲೇ ಓಡಿ, ನಿಂತ ಪ್ರಯಾಣಿಕರು ಮುಗ್ಗರಿಸದಂತೆ ಬ್ರೇಕ್ ಹಾಕಿ ಹೆಸರು ಮಾಡಿತು.

ಈಗ ಕಾರಿಗೆ ಬರೋಣ. ಎಂಜಿನ್ನಿಗೆ ಯಾವ ಕೆಲಸ ಕಷ್ಟ ಅಂತ ಕೇಳಿದರೆ ಹೆಚ್ಚಿನವರು ಘಾಟಿ ಹತ್ತುವುದು ಅಂತಾರೆ. ಕಂಟ್ರೋಲ್ ಎಂಜಿನಿಯರ್‌ನ ಕೇಳಿದರೆ ಐಡ್ಲಿಂಗ್ ಅಂತಾನೆ. ಸುಮ್ನೆ ನಿಂತಲ್ಲೇ ಓಡುವುದು. ಪೆಟ್ರೋಲ್ ಕಾರು ಬಿಸಿಯಾದ ಮೇಲೆ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂ ನಡುವೆ ಐಡಲ್ ಆಗುತ್ತದೆ. ಅದಕ್ಕಿಂತ ಜಾಸ್ತಿ ಇಟ್ಟರೆ ಪೆಟ್ರೋಲ್ ದಂಡ. ಕಡಿಮೆ ಇಟ್ಟರೆ ನಡುಕ, ಆಮೇಲೆ ಆಫ್.

750ರ ಲೆಕ್ಕ ನೋಡಿ. ಸೆಕೆಂಡಿಗೆ ಹನ್ನೆರಡೂವರೆ ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ, ಅಂದರೆ ಸೆಕೆಂಡಿಗೆ 25 ಸಲ. ಒಂದು ಉರಿಗೂ ಇನ್ನೊಂದಕ್ಕೂ ನಡುವೆ 40 ಮಿಲಿಸೆಕೆಂಡ್. ಈಗ ನೀವು ಎಸಿ ಒತ್ತಿದಿರಿ. ಕಂಪ್ರೆಸರ್ ಬೆಲ್ಟ್ ಮೇಲೆ ಒಮ್ಮೆಲೇ ಭಾರ ಬಿತ್ತು. ಕಾರಿನ ಥ್ರಾಟಲ್ ಗಾಳಿಯ ಬಾಗಿಲು. ಅದನ್ನು ತೆರೆದರೂ ಗಾಳಿ ಮೊದಲು ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ, ಅಂದರೆ ಮ್ಯಾನಿಫೋಲ್ಡ್ ತುಂಬಬೇಕು, ಸಿಲಿಂಡರಿನೊಳಗೆ ಹೋಗಬೇಕು, ಅಲ್ಲಿ ಅದುಮಿಸಿಕೊಳ್ಳಬೇಕು, ಆಮೇಲೆ ಉರಿಯಬೇಕು. ಅಷ್ಟರಲ್ಲಿ ಎರಡು ಮೂರು ಉರಿ ಕಳೆದಿರುತ್ತವೆ, ಮುಳ್ಳು ಇನ್ನಷ್ಟು ಇಳಿದಿರುತ್ತದೆ. ಗಾಬರಿಯಿಂದ ಜಾಸ್ತಿ ತೆರೆದರೆ ಮುಳ್ಳು 900 ದಾಟುತ್ತದೆ. ತಪ್ಪು ಅಂತ ಮುಚ್ಚಿದರೆ 600ಕ್ಕೆ ಬೀಳುತ್ತದೆ. ಹೀಗೆ ಏರುತ್ತಾ ಇಳಿಯುತ್ತಾ ಉಯ್ಯಾಲೆ ಆಡುವುದಕ್ಕೆ ಗ್ಯಾರೇಜಿನಲ್ಲಿ ‘ಹಂಟಿಂಗ್’ ಅನ್ನುತ್ತಾರೆ.

ಇದಕ್ಕೆ ಹಳೆಯ ಮದ್ದು ಪಿಐಡಿ. ಗುರಿಗಿಂತ ಈಗ ಎಷ್ಟು ದೂರ ಇದ್ದೇವೆ, ಎಷ್ಟು ಹೊತ್ತಿನಿಂದ ದೂರ ಇದ್ದೇವೆ, ಎಷ್ಟು ಬೇಗ ದೂರ ಸರಿಯುತ್ತಿದ್ದೇವೆ, ಈ ಮೂರನ್ನೂ ಮೂರು ಅಂಕಿಗಳಿಂದ ಗುಣಿಸಿ ಕೂಡಿಸುವುದು. ಕಾರ್ಖಾನೆಗಳಲ್ಲಿ ಇವತ್ತಿಗೂ ಇದೇ ದೊರೆ. ತೊಂದರೆ ಏನೆಂದರೆ ಆ ಮೂರು ಅಂಕಿಗಳು ಒಂದು ಪರಿಸ್ಥಿತಿಗೆ ಸರಿ ಹೊಂದಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ತಣ್ಣಗಿರುವ ಎಂಜಿನ್ ಬೇರೆ, ಬಿಸಿಯಾದದ್ದು ಬೇರೆ. ಮಂಗಳೂರಿನಲ್ಲಿ ಹೊರಟ ಕಾರು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಗಾಳಿಯೇ ಶೇ. 8ರಷ್ಟು ತೆಳುವಾಗಿರುತ್ತದೆ. ಅದೇ ಥ್ರಾಟಲ್ ತೆರೆದರೂ ಒಳಗೆ ಹೋಗುವ ಗಾಳಿ ಅಷ್ಟೇ ಅಲ್ಲ.

ಫಜಿ ಇಲ್ಲಿ ಏನು ಮಾಡುತ್ತದೆ? ಲೆಕ್ಕ ಹಾಕಿಯೇ ನೋಡೋಣ. ಅಂಕಿಗಳು ನಾನು ಸುಲಭಕ್ಕೆಂದು ಇಟ್ಟುಕೊಂಡವು, ಯಾವ ಗಾಡಿಯವೂ ಅಲ್ಲ.

ಗುರಿ 750. ಎಸಿ ಹಾಕಿದ ಮೇಲೆ ಮುಳ್ಳು 675ಕ್ಕೆ ಇಳಿದಿದೆ. ಕೊರತೆ 75. ಕೊರತೆ 50 ಇದ್ದರೆ ಅದು ಪೂರ್ತಿ ‘ಸ್ವಲ್ಪ ಕಡಿಮೆ’, 150 ಇದ್ದರೆ ಪೂರ್ತಿ ‘ತುಂಬಾ ಕಡಿಮೆ’ ಅಂತ ಇಟ್ಟುಕೊಳ್ಳಿ. ನಡುವೆ ಒಂದು ಇಳಿದಷ್ಟು ಇನ್ನೊಂದು ಏರುತ್ತದೆ. 75 ಅಂದರೆ 50ರಿಂದ 150ಕ್ಕೆ ಹೋಗುವ ದಾರಿಯಲ್ಲಿ ಕಾಲು ಭಾಗ ಬಂದಂತೆ. ಹಾಗಾಗಿ ಅದು 0.75ರಷ್ಟು ‘ಸ್ವಲ್ಪ’, 0.25ರಷ್ಟು ‘ತುಂಬಾ’. ಎರಡೂ ಒಟ್ಟಿಗೇ ನಿಜ. ಇದೇ ಥರ ವೇಗ ಇಳಿಯುತ್ತಿರುವ ರಭಸವನ್ನೂ ಅಳೆದೆವು. ಅದು 0.4ರಷ್ಟು ‘ನಿಧಾನ’, 0.6ರಷ್ಟು ‘ಬೇಗ’ ಅಂತ ಬಂತು.

ನಿಯಮ ನಾಲ್ಕು. ಸ್ವಲ್ಪ ಕಡಿಮೆಯಾಗಿ ನಿಧಾನ ಇಳಿಯುತ್ತಿದ್ದರೆ ಥ್ರಾಟಲ್ ಶೇ. 1 ತೆರೆ. ಸ್ವಲ್ಪ ಕಡಿಮೆಯಾಗಿ ಬೇಗ ಇಳಿಯುತ್ತಿದ್ದರೆ ಶೇ. 2. ತುಂಬಾ ಕಡಿಮೆಯಾಗಿ ನಿಧಾನ ಇಳಿಯುತ್ತಿದ್ದರೂ ಶೇ. 2. ತುಂಬಾ ಕಡಿಮೆಯಾಗಿ ಬೇಗನೂ ಇಳಿಯುತ್ತಿದ್ದರೆ ಶೇ. 4.

ಒಂದು ನಿಯಮದ ಮಾತಿಗೆ ಎಷ್ಟು ತೂಕ? ಅದರ ಎರಡು ಷರತ್ತುಗಳಲ್ಲಿ ಯಾವುದು ಚಿಕ್ಕದೋ ಅಷ್ಟು. ಮೊದಲನೆಯದಕ್ಕೆ 0.4, ಎರಡನೆಯದಕ್ಕೆ 0.6, ಉಳಿದೆರಡಕ್ಕೂ 0.25. ಪಂಚಾಯ್ತಿಯಲ್ಲಿ ನಾಲ್ಕು ಜನ ಕೂತ ಹಾಗೆ. ಎಲ್ಲರ ಮಾತೂ ಕೇಳುತ್ತಾರೆ, ಆದರೆ ವಿಷಯ ಯಾರಿಗೆ ಹೆಚ್ಚು ಗೊತ್ತೋ ಅವರ ಮಾತಿಗೆ ಹೆಚ್ಚು ತೂಕ. 0.4 ಸಲ 1, 0.6 ಸಲ 2, 0.25 ಸಲ 2, 0.25 ಸಲ 4. ಕೂಡಿದರೆ 3.1. ಒಟ್ಟು ತೂಕ 1.5ರಿಂದ ಭಾಗಿಸಿದರೆ ಸುಮಾರು 2.07. ಥ್ರಾಟಲ್ ಶೇ. 2.07 ತೆರೆಯುತ್ತದೆ. ‘ಒಂಚೂರು ಜಾಸ್ತಿ’ ಅಂಕಿಯಾಯಿತು.

ಚೆಂದ ಅಲ್ವಾ? ಇಲ್ಲಿಗೆ ನಿಲ್ಲಿಸಿದರೆ ಕಾಲೇಜಿನ ಪ್ರಾಜೆಕ್ಟ್ ವರದಿ ಮುಗಿಯುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಪ್ರಾಜೆಕ್ಟ್‌ಗಳಿಗೆ ಬರವಿಲ್ಲ. ಕಂಪ್ಯೂಟರಿನಲ್ಲೇ ಒಂದು ಎಂಜಿನ್ ಮಾದರಿ ಇಟ್ಟು, ಒಂದು ಕಡೆ ಪಿಐಡಿ, ಇನ್ನೊಂದು ಕಡೆ ಫಜಿ. ಕೊನೆಯ ಪುಟದ ಗ್ರಾಫ್‌ನಲ್ಲಿ ಫಜಿ ಗೆಲ್ಲುತ್ತದೆ. ನಾನು ನೋಡಿದ ಇಂಥ ಗ್ರಾಫ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಪಿಐಡಿಯನ್ನು ಸರಿಯಾಗಿ ಟ್ಯೂನ್ ಮಾಡಿರಲೇ ಇಲ್ಲ. ಕಾಲು ಕಟ್ಟಿದ ಕುದುರೆಯ ಜೊತೆ ಓಟ.

ನಿಜವಾದ ಪ್ರಶ್ನೆ ಬೇರೆಯೇ ಇದೆ. ಮೇಲಿನ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಚಿಕ್ಕದನ್ನು ಆರಿಸುವ ಬದಲು ಎರಡು ಷರತ್ತುಗಳನ್ನೂ ಗುಣಿಸಿ. 0.75 ಸಲ 0.4 ಅಂದರೆ 0.3. ಹಾಗೇ 0.45, 0.1, 0.15. ಒಟ್ಟು ಸರಿಯಾಗಿ 1. ಉತ್ತರ ಶೇ. 2.0. ಈ ಎರಡನೇ ಲೆಕ್ಕವನ್ನು ಎಂಜಿನ್ ಎಂಜಿನಿಯರ್‌ಗೆ ತೋರಿಸಿದರೆ ನಗುತ್ತಾನೆ. ಯಾಕೆಂದರೆ ಅವನು ದಿನಾ ಮಾಡುವುದು ಇದನ್ನೇ. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಒಳಗೆ ದೊಡ್ಡ ದೊಡ್ಡ ಕೋಷ್ಟಕಗಳನ್ನು ಇಟ್ಟುಕೊಂಡಿರುತ್ತದೆ. ಅಡ್ಡಕ್ಕೆ ಒಂದು ಅಳತೆ, ಉದ್ದಕ್ಕೆ ಒಂದು ಅಳತೆ, ಮನೆಗಳಲ್ಲಿ ಉತ್ತರ. ಇವಕ್ಕೆ ‘ಮ್ಯಾಪ್’ ಅನ್ನುತ್ತಾರೆ. ಅಳತೆ ಎರಡು ಮನೆಗಳ ನಡುವೆ ಬಿದ್ದರೆ ಸುತ್ತಲಿನ ನಾಲ್ಕು ಮನೆಗಳಿಂದ ದೂರಕ್ಕೆ ತಕ್ಕಂತೆ ಪಾಲು ತೆಗೆದುಕೊಂಡು ಉತ್ತರ ಕಟ್ಟುತ್ತದೆ. ನಮ್ಮ ನಾಲ್ಕು ನಿಯಮಗಳೇ ಆ ನಾಲ್ಕು ಮನೆ. ‘ಸ್ವಲ್ಪ’, ‘ತುಂಬಾ’ ಅನ್ನುವ ಹೆಸರುಗಳನ್ನು ಒರೆಸಿ 50, 150 ಅಂತ ಬರೆದಿದ್ದಾರೆ, ಅಷ್ಟೇ. ಗಣಿತ ಒಂದೇ.

ಇದಕ್ಕೆ ಒಂದು ಗಟ್ಟಿ ಸಾಕ್ಷಿ ಹಳೆಯ ಚಿಪ್‌ವೊಂದರಲ್ಲಿ ಸಿಗುತ್ತದೆ. 1990ರ ದಶಕದಲ್ಲಿ ಮೊಟೊರೊಲಾ ಕಂಪನಿ 68ಎಚ್‌ಸಿ12 ಅನ್ನುವ ಮೈಕ್ರೊಕಂಟ್ರೋಲರ್ ಮಾಡಿತು. ಕಾರುಗಳಲ್ಲಿ ತುಂಬಾ ಬಳಕೆಯಾದ ಕುಟುಂಬ ಅದು. ಅದರ ಆಜ್ಞೆಗಳ ಪಟ್ಟಿಯಲ್ಲಿ ಫಜಿ ಲೆಕ್ಕಕ್ಕೆಂದೇ ನಾಲ್ಕು ಆಜ್ಞೆಗಳಿವೆ. ಅದೇ ಪಟ್ಟಿಯಲ್ಲಿ ಕೋಷ್ಟಕ ನೋಡಿ ನಡುವಿನ ಉತ್ತರ ಕಟ್ಟುವ ಆಜ್ಞೆಗಳೂ ಇವೆ. ಎರಡು ದಾರಿಯನ್ನೂ ಸಿಲಿಕಾನಿನಲ್ಲೇ ಹಾಕಿಕೊಟ್ಟರು. ಎಂಜಿನ್‌ನವರು ಹೆಚ್ಚಾಗಿ ಹಿಡಿದದ್ದು ಕೋಷ್ಟಕದ ದಾರಿ.

ಯಾಕೆ ಅನ್ನುವುದು ಕ್ಯಾಲಿಬ್ರೇಶನ್ ಕೆಲಸ ನೋಡಿದವರಿಗೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಸಾಕಷ್ಟಿದ್ದಾರೆ. ಒಂದು ಕಾಲಕ್ಕೆ ಮೈಕೊ ಅಂದರೆ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪ್. ಮೈಕೊ ಲೇಔಟ್ ಅನ್ನುವ ಹೆಸರು ಹಾಗೇ ಉಳಿದಿದೆ, ಕಂಪನಿ ಬಾಷ್ ಆಗಿದೆ, ಪಂಪಿನ ಜೊತೆ ಸಾಫ್ಟ್‌ವೇರ್ ಬಂದಿದೆ. ಎಂಜಿನ್ನನ್ನು ಟೆಸ್ಟ್ ಬೆಂಚಿಗೆ ಕಟ್ಟಿ, ಒಂದೊಂದು ಮನೆಯ ಅಂಕಿಯನ್ನೂ ಅಳೆದು ತುಂಬುತ್ತಾರೆ. 80 ಡಿಗ್ರಿ ಬಿಸಿಯಲ್ಲಿ, ಎಸಿ ಹಾಕಿದಾಗ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಏನಾಯಿತು? ತಪ್ಪಾಗಿದ್ದರೆ ಆ ಒಂದು ಮನೆ ತಿದ್ದಿದರೆ ಸಾಕು. ಫಜಿಯಲ್ಲಿ ‘ಸ್ವಲ್ಪ’ ಅನ್ನುವ ಮಾತಿನ ಅಗಲ ಬದಲಿಸಿದರೆ ಆ ಮಾತು ಬರುವ ಎಲ್ಲ ನಿಯಮಗಳೂ ಅಲುಗಾಡುತ್ತವೆ. ಜೊತೆಗೆ ನಿಯಮಗಳ ಸಂಖ್ಯೆಯ ಕಾಟ. ಎರಡು ಅಳತೆಗೆ ಐದೈದು ಮಾತು ಇಟ್ಟರೆ 25 ನಿಯಮ. ಮೂರಕ್ಕೆ 125. ನಾಲ್ಕಕ್ಕೆ 625. ಮಾತಿನಲ್ಲಿ ಬರೆದಿದ್ದೇವೆ, ಓದಿದರೆ ಅರ್ಥವಾಗುತ್ತದೆ ಅನ್ನುವ ಸುಖ 625 ಸಾಲು ಓದುವಾಗ ಉಳಿಯುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಐಡಲ್ ಸಮಸ್ಯೆಯನ್ನು ಜಾಣ ಲೆಕ್ಕಕ್ಕಿಂತ ಜಾಸ್ತಿ ಬಗೆಹರಿಸಿದ್ದು ಎರಡು ಸರಳ ಉಪಾಯಗಳು. ಒಂದು, ಎಸಿ ಬಟನ್ ಒತ್ತಿದ ಸುದ್ದಿ ಮೊದಲು ಇಸಿಯುಗೆ ಹೋಗುತ್ತದೆ. ಅದು ಥ್ರಾಟಲ್ ತುಸು ತೆರೆದುಕೊಂಡು, ಆಮೇಲೆ ಕಂಪ್ರೆಸರ್‌ನ ಕ್ಲಚ್‌ಗೆ ಅನುಮತಿ ಕೊಡುತ್ತದೆ. ಭಾರ ಬೀಳುವ ಮೊದಲೇ ಸೊಂಟ ಕಟ್ಟಿ ನಿಲ್ಲುವುದು. ಎರಡು, ಐಡ್ಲಿಂಗ್‌ನಲ್ಲಿ ಸ್ಪಾರ್ಕನ್ನು ಬೇಕೆಂದೇ ಸ್ವಲ್ಪ ತಡವಾಗಿ ಕೊಟ್ಟು, ಒಂದಿಷ್ಟು ಶಕ್ತಿಯನ್ನು ಕೈಲಿ ಉಳಿಸಿಕೊಂಡಿರುತ್ತಾರೆ. ಮುಳ್ಳು ಇಳಿದ ಕೂಡಲೇ ಸ್ಪಾರ್ಕ್ ಮುಂದಕ್ಕೆ ತಂದರೆ ಮುಂದಿನ ಉರಿಯಲ್ಲೇ ಆ ಶಕ್ತಿ ಸಿಗುತ್ತದೆ. ಗಾಳಿಗಾಗಿ ಕಾಯಬೇಕಿಲ್ಲ. ನನ್ನ ಹಳೆಯ ಕಾರಿನಲ್ಲಿ ಇದ್ಯಾವುದೂ ಇರಲಿಲ್ಲ, ಅದಕ್ಕೇ ಅದು ಸಿಗ್ನಲ್‌ನಲ್ಲಿ ಮರ್ಯಾದೆ ತೆಗೆಯುತ್ತಿತ್ತು.

ಫಜಿ ತನ್ನ ಹೆಸರಿನಲ್ಲೇ ಕಾರಿನಲ್ಲಿ ಕೂತದ್ದು ಗೇರ್‌ಬಾಕ್ಸ್‌ನಲ್ಲಿ. 1992ರ ಮಿತ್ಸುಬಿಷಿ ಗ್ಯಾಲಂಟ್‌ನಲ್ಲಿ ಆಟೊಮ್ಯಾಟಿಕ್ ಗೇರಿಗೆ ಫಜಿ ಬಂತು. ಅಲ್ಲಿ ಅದಕ್ಕೆ ಕೆಲಸವಿತ್ತು. ಘಾಟಿ ಹತ್ತುವಾಗ ತಿರುವಿನಲ್ಲಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಿ ಅಂದುಕೊಳ್ಳಿ. ಪೆದ್ದು ಗೇರ್‌ಬಾಕ್ಸ್ ‘ಇವರಿಗೆ ಶಕ್ತಿ ಸಾಕು’ ಅಂತ ಮೇಲಿನ ಗೇರಿಗೆ ಹೋಗುತ್ತದೆ. ತಿರುವು ಮುಗಿದು ಕಾಲು ಒತ್ತಿದರೆ ಮತ್ತೆ ಕೆಳಗೆ. ಚಾರ್ಮಾಡಿಯಲ್ಲಿ ಹೀಗೆ ಹತ್ತು ತಿರುವು ಆದರೆ ಹಿಂದಿನ ಸೀಟಿನವರಿಗೆ ವಾಂತಿ ಗ್ಯಾರಂಟಿ. ಒಳ್ಳೆಯ ಡ್ರೈವರ್ ಹಾಗೆ ಮಾಡುವುದಿಲ್ಲ. ‘ಏರು ಸ್ವಲ್ಪ ಜಾಸ್ತಿಯೇ ಇದೆ, ತಿರುವುಗಳೂ ಹೆಚ್ಚು, ಗೇರ್ ಹಾಗೇ ಇರಲಿ’ ಅಂತಾನೆ. ಏರು ಎಷ್ಟು ಡಿಗ್ರಿ ಅಂತ ಅವನು ಅಳೆದಿರುವುದಿಲ್ಲ. ನಾಲ್ಕೈದು ಅರೆಬರೆ ಸೂಚನೆಗಳಿಂದ ‘ಇದು ಘಾಟಿ’ ಅಂತ ತೀರ್ಮಾನಿಸುವುದು ಫಜಿಗೆ ಹೇಳಿ ಮಾಡಿಸಿದ ಕೆಲಸ. ಐಡಲ್‌ನಲ್ಲಿ ಹಾಗಲ್ಲ. ಅಲ್ಲಿ ಬೇಕಾದದ್ದು ಒಂದೇ ಅಂಕಿ, ಅಳೆಯುವ ಸೆನ್ಸರ್ ಕೂಡ ಚೆನ್ನಾಗಿದೆ. ಮಾತಿನ ಹಂಗೇ ಬೇಕಿಲ್ಲ.

ಈ ವ್ಯತ್ಯಾಸ ಈಗ ಮತ್ತೆ ಮುಖ್ಯವಾಗುತ್ತಿದೆ. ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದಲೇ ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ ಕಾರುಗಳು ತಯಾರಾಗುತ್ತಿವೆ. ಅಂಥ ಕಾರು ಸಿಗ್ನಲ್‌ನಲ್ಲಿ ನಿಂತರೆ ಹೆಚ್ಚಿನ ಸಲ ಎಂಜಿನ್ ಆಫ್ ಆಗಿಯೇ ಇರುತ್ತದೆ. ಎಲೆಕ್ಟ್ರಿಕ್ ಕಾರಿಗಂತೂ ಐಡ್ಲಿಂಗ್ ಅನ್ನುವುದೇ ಇಲ್ಲ. ಹೈಬ್ರಿಡ್‌ನಲ್ಲಿ ಪ್ರಶ್ನೆ ಬೇರೆ: ಈಗ ಎಂಜಿನ್ ಎಬ್ಬಿಸಬೇಕೋ, ಬ್ಯಾಟರಿಯಲ್ಲೇ ತಳ್ಳಬೇಕೋ? ಬ್ಯಾಟರಿ ‘ಸ್ವಲ್ಪ’ ಇಳಿದಿದೆ, ಡ್ರೈವರ್ ‘ಜಾಸ್ತಿ’ ಒತ್ತುತ್ತಿದ್ದಾನೆ, ಎಂಜಿನ್ ‘ಇನ್ನೂ ಬೆಚ್ಚಗಾಗಿಲ್ಲ’. ಮತ್ತೆ ಮಾತುಗಳು. ಹೈಬ್ರಿಡ್ ಶಕ್ತಿ ಹಂಚಿಕೆಯ ಸಂಶೋಧನೆಯಲ್ಲಿ ಫಜಿ ನಿಯಮಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದಕ್ಕೇ.

ಆದರೆ ಫಜಿಗೆ ಒಂದು ಕೊರತೆ ಹುಟ್ಟಿನಿಂದಲೂ ಇದೆ. ಅದು ತಾನಾಗಿ ಕಲಿಯುವುದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಬಂಕ್‌ನಲ್ಲಿ ಮಿಶ್ರಣ ಬದಲಾದರೆ ಹಳೆಯ ಲೆಕ್ಕ ತಪ್ಪುತ್ತದೆ. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಫಜಿಗೂ ಹೀಗೆ ತಿದ್ದಿಕೊಳ್ಳುವ ಬುದ್ಧಿ ಕೊಡಲು 1993ರಲ್ಲಿ ಸಂಶೋಧಕ ರೋಜರ್ ಜಾಂಗ್ ಅದನ್ನು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳನ್ನು ನೋಡಿ ತನ್ನ ಅಂಕಿಗಳನ್ನು ತಾನೇ ತಿದ್ದಿಕೊಳ್ಳುವ ಲೆಕ್ಕದ ಜೊತೆ ಮದುವೆ ಮಾಡಿಸಿದರು. ಮದುವೆ ಚೆನ್ನಾಗಿಯೇ ನಡೆಯಿತು, ಆದರೆ ಕಲಿತು ಕಲಿತು ‘ಸ್ವಲ್ಪ’ ಅನ್ನುವ ಮಾತು ಎಲ್ಲೆಲ್ಲೋ ಸರಿದು, ಕೊನೆಗೆ ಅದನ್ನು ‘ಸ್ವಲ್ಪ’ ಅಂತ ಓದುವುದೇ ಕಷ್ಟವಾಗುವುದುಂಟು. ಇವತ್ತಿನ ಎಐ ಸ್ಟಿಕ್ಕರ್‌ಗೂ ನನ್ನ ತಕರಾರು ಅದೇ. ಎಂಜಿನ್ ಯಾಕೆ ಹೀಗೆ ಮಾಡಿತು ಅಂತ ಕೇಳಿದರೆ ನಿಯಮ ತೋರಿಸಬಹುದು, ಕೋಷ್ಟಕದ ಮನೆಯನ್ನಾದರೂ ತೋರಿಸಬಹುದು. ಲಕ್ಷಗಟ್ಟಲೆ ಅಂಕಿಗಳ ನೆಟ್‌ವರ್ಕ್ ಮುಂದೆ ಏನು ತೋರಿಸುವುದು?

ಇತ್ತೀಚೆಗೆ ಈಗಿನ ಕಾರಿನ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಒಳಗೆ ಕಪ್ಪಗೆ ಕಾರ್ಬನ್ ಕಟ್ಟಿತ್ತು. ಹುಡುಗ ಸ್ಪ್ರೇ ಹೊಡೆದು, ಬಟ್ಟೆಯಲ್ಲಿ ಒರೆಸಿ, ಜೋಡಿಸಿ ಸ್ಟಾರ್ಟ್ ಮಾಡಿದರೆ ಮುಳ್ಳು 1,100ರಲ್ಲಿ ನಿಂತಿತು.

“ಏನಪ್ಪಾ, ಕ್ಲೀನ್ ಮಾಡಿದ ಮೇಲೆ ಜಾಸ್ತಿಯಾಯ್ತಲ್ಲ?”

“ಅದು ಇನ್ನೂ ಹಳೇ ಲೆಕ್ಕದಲ್ಲೇ ಇದೆ ಸಾರ್. ಕಾರ್ಬನ್ ಇದೆ ಅಂದ್ಕೊಂಡು ಜಾಸ್ತಿ ತೆರೀತಿದೆ. ರೀಸೆಟ್ ಮಾಡಿದ್ರೆ ಮತ್ತೆ ಕಲಿಯುತ್ತೆ.”

ಸ್ಕ್ಯಾನರ್ ಸಿಕ್ಕಿಸಿ ಏನೋ ಒತ್ತಿದ. ಹತ್ತು ನಿಮಿಷ ಹಾಗೇ ಓಡಲು ಬಿಟ್ಟ. ಮುಳ್ಳು ನಿಧಾನ ಇಳಿದು 760ಕ್ಕೆ ಬಂತು. ಎಸಿ ಹಾಕಿ ನೋಡಿದೆವು. ಒಂದು ಕ್ಷಣ 730 ಆಗಿ, 800ಕ್ಕೆ ಏರಿ, ಅಲ್ಲೇ ಕೂತಿತು. ಸ್ಪ್ರೇ ಡಬ್ಬಿಯ ದುಡ್ಡು ಬೇರೆ ಅಂದ.